ಕೊನೆಯ ಬೆಂಚಿನ ಹಿಂದೆ

ಇಪ್ಪತ್ತಮೂರು ವರ್ಷ ನಾನು ಇವರಿಗೆ
ಬೆನ್ನು ಹಾಕಿ ಬರೆದವಳು.
ಈ ಟೀಚರಿಗೆ ಬೆನ್ನಲ್ಲೂ ಕಣ್ಣುಂಟು ಅಂತ
ಅಕ್ಕಂದಿರಿಂದ ತಮ್ಮಂದಿರಿಗೆ ದಾಟಿಬಂದ ಪುಕಾರು.
ಇದ್ದದ್ದು ಕಣ್ಣಲ್ಲ, ಕಿವಿ:
ರಬ್ಬರು ಹಾರಿದ್ದು, ಹುಣಸೆಬೀಜ ಅಗಿದದ್ದು,
ಯಾರೋ ನಗು ನುಂಗಿದ್ದು.

ಈಗ ಕೈಯಲ್ಲೊಂದು ರಿಮೋಟು.
ಕಿಟಕಿಗೆ ಹಳೇ ಸೀರೆಯ ಪರದೆ ಎಳೆದು
ಕೊನೆಯ ಬೆಂಚಿನ ಹಿಂದೆ ಬಂದು ನಿಲ್ಲುತ್ತೇನೆ.
ಮುಂದೆ ಬೆಳಕಿನ ಗೋಡೆ, ಅದರಲ್ಲಿ ಭೂಮಿ ತಿರುಗುತ್ತದೆ.
ನಾನು ನೋಡುವುದು ಮೂವತ್ತೊಂದು ಹಿಂದಲೆಗಳನ್ನು.

ಗೊತ್ತೇ ಇರಲಿಲ್ಲ:
ಮಿಸ್ರಿಯಾಳ ಶಾಲಿನ ತುದಿಗೆ ಯಾರೋ ಹೊಲಿದ ಪುಟ್ಟ ಮೀನು,
ತಶ್ವಿತನ ಕುತ್ತಿಗೆಯಲ್ಲಿ ಒಣಗುತ್ತಿರುವ ಗಾಯ,
ಅವಳಿಗಳ ಎರಡು ಬೈತಲೆ,
ಒಂದು ನೆಟ್ಟಗೆ, ಒಂದು ಅವಸರದ್ದು.
ಇದನ್ನೆಲ್ಲ ಬರೆಯಲು
ತರಬೇತಿಯ ಫಾರಮಿನಲ್ಲಿ ಕಾಲಂ ಇಲ್ಲ.

*

ಬೋರ್ಡು ಬಂದದ್ದು ಧಕ್ಕೆಯಿಂದ, ಫೆರಿಯಲ್ಲಿ,
ಟಾರ್ಪಾಲು ಹೊದ್ದು, ಬಂಗುಡೆ ಬುಟ್ಟಿಗಳ ನಡುವೆ
ಟಿಕೇಟು ತೆಗೆಯದ ದೊಡ್ಡ ಮನುಷ್ಯನ ಹಾಗೆ.
"ಇದು ಬಂದ ಮೇಲೆ ನಿಮ್ಮನ್ನು ದಾಟಿಸುವ ಕೆಲಸ
ನನಗುಂಟಾ ಟೀಚರ್?" ಕೇಳಿದರು ಮೋನಾಕ.
ನಕ್ಕೆ. ಆ ದಿನ ದಡ ಸ್ವಲ್ಪ ದೂರವಿತ್ತು.

ಮೊದಲ ದಿನವೇ ಅದರ ಮೇಲೆ
ಸೀಮೆಸುಣ್ಣದಲ್ಲಿ ತಾರೀಕು ಬರೆದುಬಿಟ್ಟೆ.
ಒರೆಸಿದರೂ ಗೀರು ಉಳಿದಿದೆ ಬಲಮೂಲೆಯಲ್ಲಿ;
ಯಾವ ದೇಶದ ನಕ್ಷೆ ಬಂದರೂ
ಅಲ್ಲೊಂದು ಹೆಸರಿಲ್ಲದ ನದಿ.

ಉಪ್ಪುಗಾಳಿ ಪ್ಲಗ್ಗಿನ ಪಿನ್ನು ನೆಕ್ಕುತ್ತದೆ.
ಸೋಮವಾರ ಸೋಮವಾರ ಉಜ್ಜಿಕೊಡುವವನು ರಿಫಾನ್,
ಬೋಟಿನ ಇಂಜಿನು ಬಿಚ್ಚುವವರ ಮಗ.
ಗಣಿತದಲ್ಲಿ ಹದಿಮೂರು ತೆಗೆದ ಹುಡುಗ
ವಯರು ಮುಟ್ಟುವಾಗ ಉಸಿರು ಹಿಡಿಯುತ್ತಾನೆ.
ನಾನೂ ಹಿಡಿಯುತ್ತೇನೆ.

*

ಉಪಗ್ರಹದ ಕಣ್ಣಲ್ಲಿ ನಮ್ಮ ಬೆಂಗ್ರೆ:
ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಮರಳಿನ ನಾಲಗೆ,
ಬಾಯಿ ತೆರೆದ ಅಳಿವೆ.
ಇಗೋ ಶಾಲೆ, ಇಗೋ ಮಸೀದಿ, ಇಗೋ ಭಜನಾಮಂದಿರ ಅಂತ
ಬೆಳಕಿನ ಬಾಣ ಆಡಿಸುತ್ತಿದ್ದೆ, ನಾನೇ ಕಟ್ಟಿಸಿದವಳ ಹಾಗೆ.

"ಟೀಚರ್, ಅದು ಹಳತು," ಎಂದಳು ಮಿಸ್ರಿಯಾ, ಎದ್ದುನಿಲ್ಲದೆ.
"ಆ ಮೂರು ಗಾಳಿಮರ ಈಗ ಇಲ್ಲ.
ಹೋದ ಆಟಿಯಲ್ಲಿ ಕಡಲು ತಿಂದಿತು.
ನಮ್ಮ ಬಚ್ಚಲೂ."
ಬಚ್ಚಲೂ ಅಂದದ್ದಕ್ಕೆ ಕೆಲವರು ನಕ್ಕರು. ಅವಳೂ.

ಎರಡು ಬೆರಳಲ್ಲಿ ಹಿಗ್ಗಿಸಿದೆ.
ಇದೆ ಅಲ್ಲಿ, ತಗಡಿನ ಮಾಡು, ಬಿಸಿಲಿಗೆ ಹೊಳೆಯುತ್ತ.
ಪಕ್ಕದಲ್ಲೊಂದು ಕೆಂಪು ಚುಕ್ಕೆ.
ಇಲ್ಲದ ಬಚ್ಚಲನ್ನು ನಾವೆಲ್ಲ ತುಸು ಹೊತ್ತು ನೋಡಿದೆವು.
"ಅದು ಉಮ್ಮನ ಚಾದರ," ಎಂದಳು. "ಅದುಂಟು, ಮನೆಯಲ್ಲಿ."

ಆಮೇಲೆ ಪಾಠ ನಾನು ಮಾಡಲಿಲ್ಲ.
ಒಬ್ಬೊಬ್ಬರೇ ಬಂದು ದಡವನ್ನು ಒಳಗೆ ಸರಿಸಿದರು,
ತುಳುವಿನಲ್ಲಿ, ಬ್ಯಾರಿಯಲ್ಲಿ ಜಗಳಾಡುತ್ತ,
ಅಷ್ಟಲ್ಲ, ಇಷ್ಟು; ಇಷ್ಟಲ್ಲ, ನಿನ್ನ ಮನೆಯ ತನಕ.
ಹಳೆಯ ದಡ ಹಾಗೇ ಅಡಿಯಲ್ಲಿತ್ತು.
ಅದರ ಮೇಲೆ ಹಸಿರು ಗೀಟು, ಹಲವು ಬೆರಳುಗಳದ್ದು.
ಸೇವ್ ಮಾಡಲು ನನಗೆ ಬರಲಿಲ್ಲ. ರಿಫಾನ್ ಮಾಡಿದ.
ಹೆಸರು ಕೇಳಿತು ಯಂತ್ರ.
ಟೈಪು ಮಾಡಿದ: ಸರಿಯಾದ್ದು.

*

ತಶ್ವಿತನಿಗೆ ಮಾತು ತಡೆಯುತ್ತದೆ.
ಓದಲು ಅವನನ್ನು ನಾನು ಎಬ್ಬಿಸುವುದಿಲ್ಲ.
ಅದು ದಯೆ ಅಂದುಕೊಂಡಿದ್ದೆ.

ಟ್ಯಾಬು ಮನೆಗೆ ಕೊಟ್ಟ ವಾರ ಒಂದೇ ಪದ್ಯವನ್ನು
ಹನ್ನೊಂದು ಸಲ ಓದಿ, ಹನ್ನೊಂದನ್ನೂ ಕಳಿಸಿದ.
ರಾತ್ರಿ ಪಾತ್ರೆ ತೊಳೆಯುತ್ತ ಕೇಳಿದೆ.
ಎಂಟನೆಯದರಲ್ಲಿ ಅಜ್ಜಿ ಕೆಮ್ಮುತ್ತಾರೆ.
ಒಂಬತ್ತನೆಯದರಲ್ಲಿ ಬರೀ ಅಲೆ.
ಹನ್ನೊಂದನೆಯದು ಸಲೀಸು ಅನ್ನಲಾರೆ,
ಆದರೆ 'ಬೆಳಕು' ಬಂದಾಗ
ಅಷ್ಟೂ ಸಲ ಬೆ ಬೆ ಬೆ ಎಂದು ಬಾಗಿಲು ಬಡಿದವನು
ಈ ಸಲ ಸುಮ್ಮನೆ ನಿಂತ. ಕಾದ.
ಬಾಗಿಲು ತಾನೇ ತೆರೆಯಿತು.

ನಲ್ಲಿ ನಿಲ್ಲಿಸಿದೆ.
ಅಷ್ಟು ಹೊತ್ತು ಅವನಿಗಾಗಿ
ನಾನು ಯಾವತ್ತು ಕಾದಿದ್ದೆ,
ಗೋಡೆಯ ಗಡಿಯಾರ ನೋಡದೆ?

ಇವತ್ತು ಮತ್ತೆ ಹಿಂದೆ ನಿಂತಿದ್ದೆ.
ಅವನ ಹಿಂದಲೆ ಅರ್ಧ ತಿರುಗಿತು.
ಓದುತ್ತೀಯಾ, ಎಂದು ಹುಬ್ಬು ಹಾರಿಸಿದೆ.
ಆ ಕತ್ತಲಲ್ಲಿ ಕಂಡಿತೋ ಇಲ್ಲವೋ.