ಎಡಗೈಯನ್ನು ಎಲ್ಲಿಡಬೇಕು

ಕೋಡಿಬಾಗದ ಈ ಎಂಟಡಿ ಅಂಗಡಿಯಲ್ಲಿ
ಮೊದಲ ಮೂರು ತಿಂಗಳು ಒಂದು ಸ್ಕ್ರೂ ಬಿಚ್ಚಲಿಲ್ಲ ನಾನು.
ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದನ್ನಷ್ಟೇ ಕಲಿತೆ.

"ದಾವೊ ಹಾತ್!" ಎನ್ನುತ್ತಿದ್ದರು ಗುರುದಾಸ ಬಾಂದೇಕರ್
ತಲೆ ಎತ್ತದೆಯೇ.
ಅಷ್ಟರಲ್ಲಿ ಅದು ಯಾವುದೋ ತಗಡನ್ನು ಹಿಡಿದಾಗಿರುತ್ತಿತ್ತು,
ಪರರ ಮನೆಗೆ ಹೋದ ಮಗುವಿನ ಹಾಗೆ, ಸುಮ್ಮನೆ, ಏನನ್ನಾದರೂ.
"ಒಂದು ಕೈಯಲ್ಲಿ ಹೊಕ್ಕಿದ್ದು ಇನ್ನೊಂದರಲ್ಲಿ ಹೊರಡುತ್ತದೆ.
ನಡುವೆ ಏನಿದೆ ಗೊತ್ತಲ್ಲ?"
ಎದೆ ಎನ್ನಲು ಅವರಿಗೆ ಸಂಕೋಚ. ಗೋಡೆಯ ಕ್ಯಾಲೆಂಡರ್ ನೋಡಿದರು.

ಊಟಕ್ಕೆ ಬೇಡ, ಪ್ರಸಾದಕ್ಕೆ ಬೇಡ, ದುಡ್ಡು ಕೊಡಲಿಕ್ಕೂ ಬೇಡ
ಎಂದು ಅಜ್ಜಿ ಹೊಡೆದು ಹಿಂದೆ ಸರಿಸಿದ ಕೈ.
ಈಗ ತಾನಾಗಿಯೇ ಹಿಂದೆ ಹೋಗಿ
ಸೊಂಟದ ಹತ್ತಿರ ಮುಷ್ಟಿ ಕಟ್ಟಿ ಕೂರುತ್ತದೆ.

ಉಂಗುರ ಡಬ್ಬಿಯಲ್ಲಿ. ಬಳೆ ಡಬ್ಬಿಯಲ್ಲಿ. ಕಾಲಡಿ ರಬ್ಬರ್ ಚಾಪೆ.
ಸ್ವಿಚ್ಚನ್ನು ನಂಬಬೇಡ ಎಂದರು,
ವಯರ್ ಎಳೆದವನಿಗೆ ಅವತ್ತು ಊಟಕ್ಕೆ ಹೊತ್ತಾಗಿರಬಹುದು,
ಕೆಂಪಿನ ಜಾಗಕ್ಕೆ ಕರಿಯದನ್ನು ಕೊಟ್ಟಿರಬಹುದು.
ಪ್ಲಗ್ ಕಿತ್ತು ಕಣ್ಣೆದುರು ಇಡು.
ಟೆಸ್ಟರನ್ನೂ ನಂಬಬೇಡ,
ಕರೆಂಟಿರುವ ಕಡೆ ಮೊದಲು ಅದು ಹೊತ್ತಲಿ,
ಆಮೇಲೆ ಅದು 'ಇಲ್ಲ' ಅಂದದ್ದನ್ನು ಕೇಳು.

ಒಮ್ಮೆ ಅರ್ಗಾದ ಕ್ವಾರ್ಟರ್ಸಿನಿಂದ ಒಂದು ಎಸಿ ಬಂತು.
ಕಿತ್ತು, ಟೆಂಪೋದಲ್ಲಿ ಹೇರಿ ತಂದು,
ನಾವು ಚಹಾ ಕುಡಿದೂ ಆಗಿತ್ತು.
ಕೆಪಾಸಿಟರಿಗೆ ಮೀಟರ್ ಹಚ್ಚಿದರು. ಮುಳ್ಳು ಎದ್ದು ನಿಂತಿತು!
ಆಮೇಲೆ ಬಲ್ಬಿನ ಎರಡು ತಂತಿ ಮುಟ್ಟಿಸಿದರು,
ಅದು ಕೆಂಪಗೆ ಮಿಣುಕಿ ಕಣ್ಣು ಮುಚ್ಚಿತು.
ಎಲ್ಲಾ ಸಂಬಂಧ ಕಡಿದ ಮೇಲೂ ಒಳಗೆ ಹಿಡಿದಿಟ್ಟುಕೊಂಡದ್ದು.
ನನಗೆ ಅತ್ತೆ ನೆನಪಾದಳು. ಹೇಳಲಿಲ್ಲ.

ಬೈತಖೋಲದ ತಾರಾಮತಿ ಹರಿಕಂತ್ರಳ ಗ್ರೈಂಡರ್
ಎರಡು ಸಲ ಅಂಗಡಿಗೆ ಬಂದು ಎರಡು ಸಲವೂ ಸಾಧುವಾಗಿತ್ತು.
"ನಿನ್ನ ಹತ್ರ ಕಚ್ಚುದಿಲ್ಲ, ನನ್ನ ಮನೇಲಿ ಕಚ್ತದೆ" ಎಂದಳು.
"ಸಣ್ಣಕೆ ಜುಂ ಅಂತದೆ, ಇರುವೆ ಕಚ್ಚದಂಗೆ.
ರೂಢಿ ಆಗೋಗದೆ ಬಿಡು."

ಹೋದೆ. ಅವಳು ಬಂಗಡೆ ತೊಳೆದ ಕೈಯನ್ನು
ಸೀರೆಗೆ ಒರೆಸುತ್ತಾ ಸ್ವಿಚ್ಚಿನ ಕಡೆ ಚಾಚಿದಳು.
ಉಪ್ಪುನೀರಿನ ಕೈ. ಬರಿಗಾಲು. ಒದ್ದೆ ನೆಲ.
ನಾನು ಕೂಗಿದ್ದು ಪಕ್ಕದ ಮನೆಯ ನಾಯಿಗೂ ಕೇಳಿತು.

ಮೇನ್ ತೆಗೆದು ಬೋರ್ಡ್ ಬಿಚ್ಚಿದೆ.
ಮೂರನೇ ತೂತು ಇತ್ತು.
ಅದರ ಹಿಂದೆ ಏನೂ ಇರಲಿಲ್ಲ.
ಒಂಬತ್ತು ವರ್ಷ ಗ್ರೈಂಡರಿನ ಹಸಿರು ತಂತಿ
ಖಾಲಿ ಗೋಡೆಗೆ ಮಾತಾಡುತ್ತಿತ್ತು,
ಆ ಮನೆಯಲ್ಲಿ ನೆಲಕ್ಕೆ ಹೋಗುವ ದಾರಿ
ತಾರಾಮತಿ ಒಬ್ಬಳೇ.

ಬಾಂದೇಕರ್ ಬಂದರು, ಹಾರೆಯವನನ್ನು ಕರೆತಂದರು.
ಹಿತ್ತಲಲ್ಲಿ ಗುಂಡಿ, ನಡುವೆ ಪೈಪು,
ಸುತ್ತ ಇದ್ದಿಲು, ಸಾಣಿಕಟ್ಟೆಯ ಉಪ್ಪು,
ಮತ್ತೆ ಇದ್ದಿಲು, ಮತ್ತೆ ಉಪ್ಪು.
"ಉಪ್ಪೇ?" ಎಂದಳು ಅವಳು, ಮೋಸ ಹೋದವಳಂತೆ.
ಅವಳ ತಗಡು, ಕಿಟಕಿಯ ಸರಳು, ಗ್ರೈಂಡರಿನ ತಳ,
ಎಲ್ಲವನ್ನೂ ತಿಂದದ್ದು ಅದೇ ತಾನೇ.
"ಮೇಲಿದ್ದರೆ ತಿನ್ನುತ್ತದೆ. ಕೆಳಗಿದ್ದರೆ ಕಾಯುತ್ತದೆ," ಎಂದರು ಇವರು,
"ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕು, ಮರೀಬೇಡ."

ಒಳಗೆ ಅಳತೆಯೆಲ್ಲ ಮುಗಿದ ಮೇಲೆ
ಚಪ್ಪಲಿ ಹಾಕಿಸಿ, ಕೈ ಒಣಗಿಸಿ, ಮುಟ್ಟು ಎಂದೆ.
ಅವಳು ಒಂದು ಬೆರಳು ಇಟ್ಟಳು. ಇನ್ನೊಂದು ಇಟ್ಟಳು.
ಸ್ವಲ್ಪ ಹೊತ್ತು ಕಾದಳು.
"ಏನೂ ಆಗೂದೇ ಇಲ್ಲಲ್ಲ," ಎಂದಳು, ಮುಖ ಚಿಕ್ಕದಾಗಿ,
"ಕೆಟ್ಟೋಯ್ತಾ?"

ಹೊರಡುವಾಗ ಚೀಲದ ತುಂಬ ಬಂಗಡೆ ಕೊಟ್ಟಳು.
ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.