ರಿಪೇರಿಗೆ ಬಂದ ಗೆಡ್ಡೆ

ಚಿಕ್ಕ ಗಡಿಯಾರದ ಹಿಂದೆ, ಬಾಳೆಲೆ ಕಟ್ಟುಗಳ ಪಕ್ಕ
ಮೂರಡಿ ಅಗಲ ನನ್ನ ಅಂಗಡಿ.
ಹೊತ್ತು ನಿಂತುಹೋದವರು ಬರುತ್ತಾರೆ ಇಲ್ಲಿಗೆ,
ಮದುವೆಯಲ್ಲಿ ಕೊಟ್ಟ ಕೈಗಡಿಯಾರ,
ನಾಲೆಯಲ್ಲಿ ಮುಳುಗೆದ್ದದ್ದು,
ಅಲಾರಂ ಮರೆತ ಟೈಂಪೀಸು.
ಮೊನ್ನೆ ಮಂಗಳವಾರ, ಇನ್ನೂ ಬೋಣಿಯಾಗಿರಲಿಲ್ಲ,
ಇಲವಾಲದ ಕಡೆಯ ದೇವೀರಮ್ಮ
ಮಾರ್ಕೆಟ್ಟಿಗೆ ಹೂ ಹಾಕಿ ಬಂದವಳು
ಸೆರಗಿನ ಗಂಟು ಬಿಚ್ಚಿ ಗಾಜಿನ ಮೇಲಿಟ್ಟಳು
ಒಂದು ಗೆಡ್ಡೆ.
ಸುಗಂಧರಾಜದ್ದು.

'ಇದ್ಯಾಕೋ ನಿಂತೋಗದೆ ಸಾಬ್ರೇ, ನೋಡಿ.'

ನಾನು ನಕ್ಕೆ. ಅವಳು ನಗಲಿಲ್ಲ.
'ಕಣ್ಗೆ ಸಿಕ್ಕಿಸ್ಕೋತೀರಲ್ಲ ಆ ಬುಡ್ಡಿ, ಅದ್ರಲ್ಲಿ ನೋಡಿ.
ನನ್ ಕಣ್ಗೆ ಬರೀ ಹೊಟ್ಟು.
ಒಳ್ಗೆ ಏನೋ ಓಡಾಡ್ತದೆ ಅಂತ ಬೆರಳು ಹೇಳ್ತದೆ.'

ಅಬ್ಬಾ ಬಿಟ್ಟುಹೋದ ಹತ್ತುಪಟ್ಟಿನ ಕಣ್ಣುಗಾಜು
ಹುಬ್ಬಿನ ಕೆಳಗೆ ಕಚ್ಚಿಸಿ
ಇಕ್ಕಳದಲ್ಲಿ ಹೊರಸಿಪ್ಪೆ ಎತ್ತಿದೆ,
ಹಿಂಬದಿ ಮುಚ್ಚಳ ತೆಗೆದ ಹಾಗೆ.
ಬುಡವೆಲ್ಲ ಕಂದು, ಮೆತ್ತಗೆ.
ಕೊಳೆತ ಈರುಳ್ಳಿಯ ನಾತ.
ಮೊದಲು ಏನೂ ಇಲ್ಲ.
ಆಮೇಲೆ ಒಂದು ಮುತ್ತು ಸರಿದಂತೆ.
ರವೆಯಷ್ಟೂ ಅಲ್ಲ, ರವೆಯ ಕಾಲುಭಾಗ.
ಹಾಲುಬಣ್ಣದ ಹೊಟ್ಟೆ, ಹೊಟ್ಟೆಯೊಳಗೆ ಬೆಳಕು,
ಬೆಲ್ಲದ ಬಣ್ಣದ ಮೋಟುಕಾಲು.
ಎಣಿಸಿದೆ. ಎಂಟು.
ಅವಸರವೇ ಇಲ್ಲ ಅದಕ್ಕೆ. ಗಂಟೆಯ ಮುಳ್ಳಿನ ಜಾತಿ:
ನೋಡುತ್ತಿದ್ದರೆ ನಿಂತೇ ಇರುತ್ತದೆ,
ಕಣ್ಣು ಬೇರೆ ಕಡೆ ಹೋಗಿ ಬಂದರೆ
ಅದೂ ಹೋಗಿರುತ್ತದೆ.
ಒಂದರ ಹಿಂದೆ ಇನ್ನೊಂದು, ಅದರ ಹಿಂದೆ
ಪದರಪದರದ ಸಂದಿಯಲ್ಲಿ ಒಂದಿಡೀ ಕೇರಿ.

ನಲವತ್ತು ವರ್ಷ ಇದೇ ಗಾಜಿನಲ್ಲಿ
ಚಕ್ರದ ಹಲ್ಲು, ಕೆಂಪು ಕಲ್ಲು, ಕೂದಲೆಳೆ ಸ್ಪ್ರಿಂಗು ನೋಡಿದ್ದೇನೆ.
ನನ್ನ ಹತ್ತಿರ ಬರುವುದೆಲ್ಲ ನಿಂತಮೇಲೆ ಬರುವುದು.
ಇದೇ ಮೊದಲು,
ಬಿಚ್ಚಿ ನೋಡಿದರೆ ಒಳಗೆ ನಡೆಯುತ್ತಿತ್ತು.
ನಡೆಯುತ್ತಿದ್ದುದೇ ರೋಗ.

'ನುಸಿ' ಅಂದೆ.
'ತೆಂಗಿಗೆ ಬಂದಿತ್ತಲ್ಲ, ಅದ್ರ ತಂಗಿಯಾ?'
ಇದ್ದೀತು. ಅವರ ವಂಶ ನನಗೇನು ಗೊತ್ತು?

ಗಾಜು ಇಸಿದುಕೊಂಡಳು.
ಉಸಿರು ಹಿಡಿದು, ಹಣೆ ಸುಕ್ಕುಗಟ್ಟಿಸಿ, ಬಹಳ ಹೊತ್ತು.
ಹಾಳಾಗಿಹೋಗಲಿ ಅಂತ ಶಾಪ ಹಾಕುತ್ತಾಳೆ ಅಂದುಕೊಂಡೆ.
'ಗುದ್ಲಿ ತಾಗಿದ್ ಕಡೆಯಿಂದ್ಲೇ ಹೊಕ್ಕವೆ' ಅಂದಳು.
'ಅಗಿಯೋವಾಗ ನಾನೇ ಬಾಗ್ಲು ತೆಗ್ದಿವ್ನಿ.'

ಆಚೆ ಗಲ್ಲಿಯಲ್ಲಿ ಹರಾಜು ಕೂಗುತ್ತಿದ್ದರು,
ಮಾರುದ್ದದ ಬಿಳಿ ಹಾರಗಳು ಯಾರದೋ ಕೊರಳಿಗೆ,
ಯಾರದೋ ಚಟ್ಟಕ್ಕೆ.

ಉಳಿದ ಗೆಡ್ಡೆಗಳನ್ನು ಬಿಸಿನೀರಲ್ಲಿ ಅದ್ದಬೇಕಂತೆ.
ನುಸಿ ಸಾಯಬೇಕು, ಗೆಡ್ಡೆ ಬೇಯಬಾರದು,
ನಡುವೆ ಇರುವುದು ಒಂದಿಷ್ಟು ಹೊತ್ತು, ಅಷ್ಟೆ.
'ಆ ಹೊತ್ತು ನನ್ತಾವ ಇಲ್ಲ ಸಾಬ್ರೇ.
ಮನೇಲಿರೋದು ಫೋನು, ಅದು ಮಗನ ಜೇಬಲ್ಲಿ.'

ಮೇಲಿನ ಹಲಗೆಯಲ್ಲಿ ಒಂದು ಟೈಂಪೀಸು,
ಏಳು ವರ್ಷದಿಂದ ವಾರಸುದಾರ ಬಂದಿಲ್ಲ.
ಧೂಳು ಊದಿ ಕೀಲಿ ಕೊಟ್ಟು ಕೈಗಿತ್ತೆ.
ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದೆ ಅಂದೆ.
'ನಾನೂ ಬೀಳ್ತೀನಿ' ಅಂದಳು,
ಕಿವಿಗೆ ಒತ್ತಿ ನೋಡಿ, ಬುಟ್ಟಿಯ ಹಸಿಬಟ್ಟೆ ಸರಿಸಿ
ಮಗು ಮಲಗಿಸುವ ಹಾಗೆ ಮಲಗಿಸಿಕೊಂಡು
ಹನ್ನೊಂದರ ಬಸ್ಸಿಗೆ ಓಡಿದಳು.

ಗೆಡ್ಡೆ ಗಾಜಿನ ಮೇಲೇ ಉಳಿಯಿತು.
ಎಸೆಯಲು ಎದ್ದೆ. ಕೂತೆ.
ಸ್ಪಿರಿಟ್ಟಿನಲ್ಲಿ ಇಕ್ಕಳ ಒರೆಸಿದೆ, ಕಣ್ಣುಗಾಜು ಒರೆಸಿದೆ,
ಇನ್ನೊಮ್ಮೆ ಒರೆಸಿದೆ.
ಮಾತ್ರೆಯ ಖಾಲಿ ಡಬ್ಬಿಯೊಳಗೆ ಅದನ್ನು ಹಾಕಿ ಬಿರಡೆ ಬಿಗಿದು
ರಸೀದಿ ಪುಸ್ತಕ ತೆರೆದೆ. ಚಾಳಿ, ಮತ್ತೇನಿಲ್ಲ.
ಹೆಸರು: ದೇವೀರಮ್ಮ.
ವಸ್ತು: ಗೆಡ್ಡೆ, ಒಂದು.
ದೋಷ ಅನ್ನುವ ಕಡೆ ಪೆನ್ನು ಸ್ವಲ್ಪ ತಡೆಯಿತು.
ನಡೆಯುತ್ತಿದೆ ಅಂತ ಬರೆದೆ.