ಹನ್ನೊಂದನೇ ಸ್ಲೈಡು

ಕೊಟ್ರಪ್ಪ ಸಾವ್ಕಾರ್ರು ಅಂದ್ರು:
ಬರೇ ಚಿತ್ರ ತೋರಿಸಿದ್ರ ಆಗಂಗಿಲ್ಲ ದಾಕ್ಷಾಯಣಿ,
ಮಾತೂ ಬರಬೇಕು ಅದರೊಳಗ.
ಮೈಸೂರಿಂದ ಬರಾವ್ರು ದೊಡ್ಡ ಮಸಾಲಿ ಕಂಪನಿಯವರು.

ಹಂಗಾಗಿ ಬ್ಯಾಡಗಿ ಪೇಟಿಯ ಹಿಂದಿನ ಓಣ್ಯಾಗ
ಕೋಲ್ಡ್ ಸ್ಟೋರೇಜಿನ ಆಫೀಸಿನ ಕದಾ ಹಾಕಿಕೊಂಡು
ಫ್ಯಾನು ಆರಿಸಿ, ಫೋನಿನ ಬಾಯಿ ಮುಚ್ಚಿ,
ಕಿಡಕಿ ಸಂದಿಗೆ ಹಳೇ ಗೋಣಿಚೀಲ ತುರುಕಿ
ಕುಂತೆ. ಮೈಕಿನ ಕೆಂಪು ಚುಕ್ಕಿ ಹತ್ತಿತು.

"ಆತ್ಮೀಯ ಗ್ರಾಹಕರೇ, ತಮಗೆಲ್ಲ ಸ್ವಾಗತ."
ಯಾರದೋ ಬಾಯಿ.
ಮನ್ಯಾಗ 'ಬರ್ರಿ, ಕುಂದರ್ರಿ' ಅನ್ನಾಕಿ
ಮೈಕಿನ ಮುಂದ ಬಂದ ಕೂಡಲೆ
ನಿರಿಗಿ ಸರಿ ಮಾಡಿಕೊಂಡಳು.

ಒಂದನೇ ಸ್ಲೈಡು: ಕಡ್ಡಿ ಕಾಯಿ, ಡಬ್ಬಿ ಕಾಯಿ,
ಅಕ್ಷರ ಎಡದಿಂದ ಹಾರಿ ಬರತಾವ.
ಎರಡನೇದು ಬಣ್ಣದ ಲೆಕ್ಕ.
ಮೂರಕ್ಕ ನಾಟಕದ ಪರದೆ ಸರಿದಂಗ ಮಾಡಿದೆ;
ಸಾವ್ಕಾರ್ರಿಗೆ ಅದು ಭಾಳ ಸೇರಿತು,
ನಾಕು ಸಲ ಹಿಂದಕ್ಕ ಹೋಗಿ ನೋಡಿದ್ರು.

ಹನ್ನೊಂದರ ಮಾತಿನ ನಡುವ
ಗೋಣಿಚೀಲ ದಾಟಿ ಬಂತು
ಕೆಮ್ಮು.
ಹೊರಗ ತಗಡಿನ ನೆಳ್ಳಾಗ ತೊಟ್ಟು ಬಿಡಿಸಾವ್ರು,
ಮೂಗಿಗೆ ಸೆರಗು ಕಟ್ಟಿದ ಮೂವತ್ತು ಮಂದಿ.
ಗದಿಗೆವ್ವನ ಕೆಮ್ಮು ನನಗ ಗುರುತೈತಿ:
ಮೊದಲ ಎರಡು ಸಣ್ಣವು, ಆಮ್ಯಾಲೆ ಒಂದು ಉದ್ದಂದು,
ಕಡೀಕ 'ಯವ್ವಾ' ಅಂತ ಒಂದು ಉಸುರು.

ಮತ್ತ ಹೇಳಿದೆ, ಮತ್ತ ಬಂತು.
ಅವರು ಉಂಡು ಬರೂ ಹೊತ್ತಿಗೆ ಹೇಳಿದೆ,
ಆಗ ನಾನೇ ಕೆಮ್ಮಿದೆ.

ಟ್ರಿಮ್ ಅಂತ ಒಂದೈತಿ ಅದರಾಗ.
ಹಸರ ಗೆರಿ ಈ ಕಡಿಗೆ, ಕೆಂಪು ಗೆರಿ ಆ ಕಡಿಗೆ,
ತುದಿ ಕತ್ತರಿಸಬಹುದು,
ನಡುವ ಹೊಕ್ಕದ್ದನ್ನ ತಗಿಯಾಕ ಬರಂಗಿಲ್ಲ.
ಮೂರು ಪ್ರತಿ ಮಾಡಿದೆ. ಕೆಮ್ಮಿನ ಹಿಂದಿಂದೊಂದು, ಮುಂದಿಂದೊಂದು.
ಉಳದ ಮೂರನೇ ತುಣುಕಿನ ಸ್ಪೀಕರ್ ಚಿತ್ರವ
ಸ್ಲೈಡಿನ ಅಂಚು ದಾಟಿಸಿ ಹೊರಗ ಇಟ್ಟೆ,
ಆಮ್ಯಾಲೆ ಅಳಿಸಿದ್ರಾತು ಅಂತ.
ಫೋಟೋಕ್ಕೂ ಹಂಗ ಮಾಡಿದ್ದೆ:
ಕಾಯಿ ರಾಶಿ ಉಳಿಸಿ
ಅದರ ಬಾಜೂಕಿನ ಕೈ ಕ್ರಾಪು ಮಾಡಿ.

ಹುಬ್ಬಳ್ಳಿಯ ಹೋಟೆಲ್. ಎಸಿ. ಗೋಡಂಬಿಯ ತಟ್ಟಿ.
ಹತ್ತರ ತನಕ ಎಲ್ಲಾ ಸುಸೂತ್ರ.
"ನಮ್ಮಲ್ಲಿ ಧೂಳಿಗೆ ಅವಕಾಶವೇ ಇಲ್ಲ" ಅಂತ
ಹನ್ನೊಂದರಾಗ ನನ್ನ ದನಿ ಅನ್ನೂದಕ್ಕೂ
ಎರಡು ಸಣ್ಣವು, ಒಂದು ಉದ್ದಂದು, ಯವ್ವಾ.
ಎರಡು ಸಣ್ಣವು, ಒಂದು ಉದ್ದಂದು, ಯವ್ವಾ.

ಹಿನ್ನೆಲಿ ಸಂಗೀತ ಹಾಕೂಣಂತ ಒತ್ತಿದ್ದೆ ಆವತ್ತು:
ತಾನಾಗೇ ಶುರುವಾಗಲಿ, ನಿಲ್ಲಿಸೂ ತನಕ ತಿರುಗಲಿ,
ಎಲ್ಲಾ ಸ್ಲೈಡಿಗೂ ಕೇಳಲಿ.
ಆ ಟಿಕ್ಕು ಬಿದ್ದದ್ದು ಇದಕ್ಕ.

ಹನ್ನೆರಡಕ್ಕ ಹೋದೆ, ಬೆನ್ನ ಹತ್ತಿ ಬಂದ್ಲು.
ಹದಿಮೂರು ರೇಟಿನ ಪಟ್ಟಿ, ಅಲ್ಲೂ ಬಂದ್ಲು.
ನಿಲ್ಲಿಸಬೇಕಂದ್ರ ಸ್ಪೀಕರ್ ಒತ್ತಬೇಕು,
ಸ್ಪೀಕರ್ ನಾನೇ ಹೊರಗ ಹಾಕೇನಿ.

ಮುಂದಿನ ಸಾಲಿನ ಹಿರಿಯ ಗಂಟಲು ಸರಿ ಮಾಡಿಕೊಂಡ.
ಅವನ ಮಗ್ಗಲಿನಾಕಿ ಕರ್ಚೀಪು ತಗದ್ಲು.
ಕಾಯಿ ಒಂದೂ ಇಲ್ಲದ ಖೋಲ್ಯಾಗ
ಒಬ್ಬರ ಹಿಂದೊಬ್ಬರು ಕೆಮ್ಮಿದ್ರು,
ಆಕಳಿಕಿ ಹಬ್ಬಿದಂಗ.

"ಯಾರದು ಈ ದನಿ?" ಕರ್ಚೀಪಿನಾಕಿ ಕೇಳಿದ್ಲು.
"ಏನೋ ಟೆಕ್ನಿಕಲ್ ಪ್ರಾಬ್ಲಮ್ ಮೇಡಂ," ಸಾವ್ಕಾರ್ರು.
ನಾ ಅಂದೆ, ನನ್ನ ಬಾಯಿಲೆ:
"ಗದಿಗೆವ್ವಂದ್ರಿ. ಹದಿನೆಂಟು ವರ್ಷಾತ್ರಿ
ತೊಟ್ಟು ಬಿಡಸಾಕತ್ತು."

ಆರ್ಡರು ಅರ್ಧ ಬಂತು.
ಮಾಸ್ಕು ಒಂದು ಡಬ್ಬಿ ಬಂದ್ವು, ವಾರಕ್ಕ ಮುಗದ್ವು.
ನನ್ನ ಪಗಾರದಾಗ ಇನ್ನೂರು ಹೋದ್ವು.

ಸಂಜಿಕ ಗದಿಗೆವ್ವನ ಕರದು
ಕಿವಿಗೆ ಹೆಡ್‌ಫೋನು ಹಾಕಿ ಹಚ್ಚಿದೆ.
ಆಕಿ ಕೈ ತೊಳಕೊಂಡು ಬಂದಿದ್ಲು, ಆದರೂ ಮುಟ್ಟಲಿಲ್ಲ ಯಾವುದನ್ನೂ.
ಕೇಳಿದ್ಲು. ಕಣ್ಣು ಕಿರಿದಾದ್ವು.

"ಇದು ನಂದಲ್ಲ ತಂಗಿ," ಅಂದ್ಲು,
"ನಮ್ಮವ್ವಂದು.
ನಿನಗೆಲ್ಲಿ ಸಿಕ್ತು?"

ಆಮ್ಯಾಲೆ, ಸ್ವಲ್ಪ ತಡದು,
"ಇನ್ನೊಮ್ಮೆ ಹಚ್ಚು."